ಬೈಗುಳಕ್ಕೂ ಪೆಟ್ಟಿಗೂ ನಡುವೆ

ಶಾಲೆಯಲ್ಲಿ ಹದಿಹರೆಯದ ಹುಡುಗರ ಜಗಳ ಬಿಡಿಸುವುದು ನನ್ನ ಕೆಲಸ. "ಒಂದ್ಸಲ ಜೈಲು ತೋರಿಸಿ, ಹೆದರಿಕೊಂಡು ಸರಿಹೋಗ್ತಾರೆ" ಅನ್ನುವವರು ಜಾಸ್ತಿ. ಅಮೆರಿಕದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಹಾಗೆ ಜೈಲು ನೋಡಿ ಬಂದವರು ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಅಧ್ಯಯನಗಳಲ್ಲಿ ಕಂಡಿದೆ. ನಾನು ಹೆದರಿಸುವುದಿಲ್ಲ. ಬುದ್ಧಿಯನ್ನೂ ಹೇಳುವುದಿಲ್ಲ. ಹೊಡೆದಾಟ ತಪ್ಪು ಅಂತ ಹೊಡೆಯುವವನಿಗೂ ಗೊತ್ತು.

ಬೈಗುಳ ಬಿದ್ದ ತಕ್ಷಣ ಪೆಟ್ಟು ಬೀಳುವುದು ಕಡಿಮೆ. ನಡುವೆ ಕೆಲವು ಗಂಟೆ, ಒಮ್ಮೊಮ್ಮೆ ಒಂದೆರಡು ದಿನ ಇರುತ್ತದೆ. ವಾಟ್ಸಾಪ್‌ನಲ್ಲಿ "ನಾಳೆ ಸಿಗು" ಅಂತ ಬರುತ್ತದೆ. ಜೊತೆಯವರು ಕೆಣಕುತ್ತಾರೆ, ವಿಡಿಯೊ ಮಾಡಲು ಫೋನ್ ಹಿಡಿದು ಕಾಯುತ್ತಾರೆ. ಅಷ್ಟರಲ್ಲಿ ಎಷ್ಟೋ ಸಲ ಇಬ್ಬರಿಗೂ ಜಗಳ ಬೇಡವಾಗಿರುತ್ತದೆ. ಆದರೆ ಹಿಂದೆ ಸರಿದರೆ ಮಾನ ಹೋಗುತ್ತದಲ್ಲ? ಅವರಿಗೆ ಒಂದು ನೆಪ ಬೇಕು. ಆ ನೆಪ ನಾನೇ ಆಗುತ್ತೇನೆ. "ಸರ್ ಬಿಡ್ಲಿಲ್ಲ ಕಣೋ" ಅಂತ ಹೇಳಿಕೊಳ್ಳಲಿ, ನನಗೇನು ನಷ್ಟ!

ಒಬ್ಬೊಬ್ಬನನ್ನೇ ಕರೆದು ಮಾತಾಡಿಸುತ್ತೇನೆ, ಗುಂಪಿನ ಎದುರು ಬೇಡವೇ ಬೇಡ. "ಯಾಕೋ?" ಅಂದರೆ ಹಳೇದೆಲ್ಲ ಕೆದಕಿ ಮತ್ತೆ ಸಿಟ್ಟೇರುತ್ತದೆ. ಅದರ ಬದಲು, "ಹೊಡೆದೆ ಅಂತ ಇಟ್ಕೋ. ಅವನ ಅಣ್ಣ ಸುಮ್ನಿರ್ತಾನಾ?" ಅನ್ನುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಇದೇ ಕಷ್ಟ. ಕೈ ಕುಲುಕಿಸುವ ಹಟ ನನಗಿಲ್ಲ, ಒಬ್ಬರ ದಾರಿಗೆ ಒಬ್ಬರು ಅಡ್ಡ ಬರದಿದ್ದರೆ ಸಾಕು.

ಜಗಳ ಆಗಲಿದೆ ಅಂತ ನನಗೆ ಸುದ್ದಿ ಕೊಡುವವರು ಹೆಚ್ಚಾಗಿ ಚಿಕ್ಕ ತರಗತಿಯವರು. ಅವರ ಹೆಸರು ಎಲ್ಲೂ ಹೊರಬೀಳುವುದಿಲ್ಲ. ಆದರೆ ಯಾರಾದರೂ ಚಾಕು ತಂದಿದ್ದರೆ ಆ ವಿಷಯ ಗುಟ್ಟಾಗಿ ಉಳಿಯುವುದಿಲ್ಲ. ಇದನ್ನು ಎಲ್ಲರಿಗೂ ಮೊದಲೇ ಹೇಳಿರುತ್ತೇನೆ.

ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರು, ಪೊಲೀಸರ ಕಿವಿಗೆ ಬೀಳದ ಹೊಡೆದಾಟಗಳು ಎಷ್ಟೋ ಇವೆ ಅನ್ನುವುದನ್ನು ಆಸ್ಪತ್ರೆಯಲ್ಲಿ ಕಂಡರು. ಗಾಯಾಳುಗಳನ್ನು ಎಲ್ಲಿ, ಯಾವಾಗ ಪೆಟ್ಟಾಯಿತು ಅಂತ ಕೇಳಿ, ಹೆಸರು ತೆಗೆದು ಆ ಮಾಹಿತಿ ಪೊಲೀಸರಿಗೆ ಸಿಗುವಂತೆ ಮಾಡಿದರು. ಇದನ್ನೇ ಸಣ್ಣದಾಗಿ ನಾನೂ ಮಾಡಿದೆ. ಶಾಲೆಯ ನಕ್ಷೆ ಕೊಟ್ಟು, ಭಯವಾಗುವ ಜಾಗಕ್ಕೆ ಗುರುತು ಹಾಕಿ ಅಂದೆ. ಶಿಕ್ಷಕರು ಗುರುತು ಹಾಕಿದ್ದು ಆಟದ ಮೈದಾನಕ್ಕೆ, ಮಕ್ಕಳು ಹಾಕಿದ್ದು ಶೌಚಾಲಯಕ್ಕೆ ಮತ್ತು ಹಿಂದಿನ ಮೆಟ್ಟಿಲಿಗೆ. ಈಗ ಶಾಲೆ ಬಿಡುವ ಹೊತ್ತಿಗೆ ಆ ಮೆಟ್ಟಿಲ ಬಳಿ ದೊಡ್ಡವರೊಬ್ಬರು ಇರುತ್ತಾರೆ. ಬೈಯುವುದಕ್ಕಲ್ಲ, ಹೋಗಿ ಬರುವವರನ್ನು ಹೆಸರು ಹಿಡಿದು ಮಾತಾಡಿಸುವುದಕ್ಕೆ.