ಟಿಸಿಇ ಡ್ರಮ್ಮಿಗೆ ಸರಿಯಾದ ಅಪಾಯದ ವರ್ಗ ಗುರುತಿಸುವುದು ಹೇಗೆ

ಮಾಚೇನಹಳ್ಳಿಯಲ್ಲೋ ಭದ್ರಾವತಿಯಲ್ಲೋ ಸಣ್ಣ ಮೆಷಿನ್ ಶಾಪ್ ನಡೆಸುವವರಿಗೆ, ಅಲ್ಲಿ ಸ್ಟೋರ್ ನೋಡಿಕೊಳ್ಳುವವರಿಗೆ ಈ ಬರಹ. ಎರಕದ ಭಾಗಗಳನ್ನು ಕಡೆದು, ಡ್ರಿಲ್ ಹೊಡೆದ ಮೇಲೆ ಅಂಟಿಕೊಂಡ ಕಟಿಂಗ್ ಆಯಿಲ್ ತೆಗೆಯಲು ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ದಶಕಗಳಿಂದ ಬಳಕೆಯಲ್ಲಿದೆ. ಎಣ್ಣೆಯನ್ನು ಚೆನ್ನಾಗಿ ಕರಗಿಸುತ್ತದೆ, ಬೇಗ ಆರುತ್ತದೆ, ಕಡ್ಡಿ ಗೀರಿ ತೋರಿಸಿದರೂ ಪೆಟ್ರೋಲಿನ ಹಾಗೆ ಭಗ್ಗೆಂದು ಹತ್ತಿಕೊಳ್ಳುವುದಿಲ್ಲ. ತೊಂದರೆ ಶುರುವಾಗುವುದು ಈ ಕೊನೆಯ ಗುಣದಿಂದಲೇ. ಡ್ರಮ್ಮಿನ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ (ಎಂಎಸ್‌ಡಿಎಸ್) ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿಗೆ ಕಿಡಿಯಿಂದ ಬೆಂಕಿ ಹತ್ತುವ ಕನಿಷ್ಠ ಉಷ್ಣಾಂಶದ ಎದುರು ‘ಇಲ್ಲ’ ಎಂದಿರುವುದನ್ನು ನೋಡಿ ಡ್ರಮ್ಮನ್ನು ‘ಸೇಫ್ ಸಾಲ್ವೆಂಟ್’ ಸಾಲಿಗೆ ಸೇರಿಸಿಬಿಡುತ್ತಾರೆ. ಬೆಂಕಿ ಹತ್ತುತ್ತದೆಯೇ ಎಂಬುದು ಒಂದು ಪ್ರಶ್ನೆ ಮಾತ್ರ. ಉಸಿರಿಗೆ, ಚರ್ಮಕ್ಕೆ, ಬಾವಿಗೆ, ಸಾಗಣೆಗೆ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು.

ಡ್ರಮ್ಮಿನಲ್ಲಿ ಇರುವುದು ಅದೇನಾ?

‘ಟ್ರೈಕ್ಲೋರೋ’ ಎಂಬ ಹೆಸರನ್ನು ನಂಬಬೇಡಿ. ಟ್ರೈಕ್ಲೋರೋಈಥೇನ್ ಬೇರೆ, ಟ್ರೈಕ್ಲೋರೋಎಥಿಲೀನ್ ಬೇರೆ. ಡ್ರೈಕ್ಲೀನಿಂಗ್‌ನವರು ಬಳಸುವ ಪರ್‌ಕ್ಲೋರೋಎಥಿಲೀನ್ ಇನ್ನೂ ಬೇರೆ. ನೋಡಬೇಕಾದದ್ದು ಕ್ಯಾಸ್ ಸಂಖ್ಯೆ, ಅಂದರೆ ಒಂದೊಂದು ರಾಸಾಯನಿಕಕ್ಕೂ ಕೊಟ್ಟಿರುವ ಪ್ರತ್ಯೇಕ ಗುರುತಿನ ಸಂಖ್ಯೆ. ಟಿಸಿಇಗೆ ಅದು 79-01-6. ಪರ್‌ಕ್ಲೋರೋಎಥಿಲೀನ್‌ಗೆ 127-18-4, 1,1,1-ಟ್ರೈಕ್ಲೋರೋಈಥೇನ್‌ಗೆ 71-55-6.

ಸಂಖ್ಯೆಯನ್ನು ತಪ್ಪಾಗಿ ಟೈಪ್ ಮಾಡಿದ ಹಾಳೆಗಳೂ ಬರುತ್ತವೆ. ಅದನ್ನು ಹಿಡಿಯುವ ಲೆಕ್ಕ ಸುಲಭ. ಕ್ಯಾಸ್ ಸಂಖ್ಯೆಯ ಕೊನೆಯ ಅಂಕಿ ತಾಳೆ ನೋಡಲಿಕ್ಕೆಂದೇ ಇರುವುದು. ಅದನ್ನು ಬಿಟ್ಟು, ಉಳಿದವನ್ನು ಬಲದಿಂದ ಎಡಕ್ಕೆ 1, 2, 3, 4 ಎಂದು ಗುಣಿಸುತ್ತಾ ಹೋಗಿ. 79-01-6ರಲ್ಲಿ 1×1, 0×2, 9×3, 7×4. ಕೂಡಿದರೆ 56. ಬಿಡಿ ಸ್ಥಾನದಲ್ಲಿ 6 ಬಂತು, ಸಂಖ್ಯೆ ಸರಿ. ತಾಳೆಯಾಗದಿದ್ದರೆ ಆ ಹಾಳೆಯನ್ನು ಮಾರಿದವರಿಗೆ ವಾಪಸ್ ಕಳಿಸಿ.

ಹಾಳೆಯೇ ಇಲ್ಲದ ಕ್ಯಾನ್ ಬಂದರೆ ತೂಕ ಸುಳಿವು ಕೊಡುತ್ತದೆ. ಒಂದು ಲೀಟರ್ ಟಿಸಿಇ ಸುಮಾರು 1.46 ಕಿಲೋ ತೂಗುತ್ತದೆ, ಪರ್‌ಕ್ಲೋರೋಎಥಿಲೀನ್ 1.62, ಟ್ರೈಕ್ಲೋರೋಈಥೇನ್ 1.34. 200 ಲೀಟರ್ ಟಿಸಿಇ ಎಂದರೆ 290 ಕಿಲೋ ಹತ್ತಿರ. ಇದು ಸುಳಿವಷ್ಟೇ, ಪುರಾವೆಯಲ್ಲ: ಬೆರಕೆ ಮಾಡಿದ್ದರೆ ತೂಕವೂ ದಾರಿ ತಪ್ಪಿಸುತ್ತದೆ. ಮೂಸಿ ನೋಡಿ ಪತ್ತೆ ಮಾಡುವ ಅಭ್ಯಾಸವಂತೂ ಪೂರ್ತಿ ಬಿಡಿ.

ವರ್ಗಗಳು

ಈಗ ಎಂಎಸ್‌ಡಿಎಸ್‌ನ 2ನೇ ವಿಭಾಗ ತೆರೆಯಿರಿ. ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪದ್ಧತಿಯಾದ ಜಿಎಚ್ಎಸ್‌ನಲ್ಲಿ ಬರೆದ ಹಾಳೆಯಾದರೆ ಅಪಾಯದ ವರ್ಗಗಳು ಅಲ್ಲೇ ಇರುತ್ತವೆ. ಶುದ್ಧ ಟಿಸಿಇಗೆ ಯುರೋಪಿನ ಅಧಿಕೃತ ವರ್ಗೀಕರಣದ ಪ್ರಕಾರ ಕನಿಷ್ಠ ಇಷ್ಟು ಇರಲೇಬೇಕು (ಎಚ್ ಸಂಖ್ಯೆ ಎಂದರೆ ಆ ಅಪಾಯದ ಎಚ್ಚರಿಕೆ ವಾಕ್ಯದ ಸಂಕೇತ):

- ಕ್ಯಾನ್ಸರ್‌ಕಾರಕ, ವರ್ಗ 1ಬಿ. ಎಚ್350: ಕ್ಯಾನ್ಸರ್ ತರಬಹುದು.
- ವಂಶವಾಹಿ ದೋಷ, ವರ್ಗ 2. ಎಚ್341: ವಂಶವಾಹಿಗಳಿಗೆ ಹಾನಿ ಮಾಡುವ ಶಂಕೆಯಿದೆ.
- ಚರ್ಮದ ಉರಿ, ವರ್ಗ 2. ಎಚ್315.
- ಕಣ್ಣಿನ ಉರಿ, ವರ್ಗ 2. ಎಚ್319.
- ಒಮ್ಮೆ ಸೋಂಕಿದರೂ ಮಂಪರು, ತಲೆಸುತ್ತು, ವರ್ಗ 3. ಎಚ್336.
- ಜಲಜೀವಿಗಳಿಗೆ ದೀರ್ಘಕಾಲದ ಹಾನಿ, ವರ್ಗ 3. ಎಚ್412.

ಕೆಲವು ಹಾಳೆಗಳಲ್ಲಿ 1ಬಿ ಬದಲು 1ಎ ಎಂದಿರುತ್ತದೆ. ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2012ರಲ್ಲೇ ಟಿಸಿಇಯನ್ನು ಗುಂಪು 1ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಆಧಾರ ಮೂತ್ರಪಿಂಡದ ಕ್ಯಾನ್ಸರ್. 1ಎ ಆಗಲಿ 1ಬಿ ಆಗಲಿ, ಲೇಬಲ್ಲಿನ ಮೇಲೆ ಬರುವ ಮಾತು ಎಚ್350 ಒಂದೇ, ಸಂಕೇತ ಪದವೂ ‘ಅಪಾಯ’ ಒಂದೇ. ಆದರೆ ‘ವರ್ಗ 2, ಕ್ಯಾನ್ಸರ್ ಶಂಕೆ’ ಎಂದಿದ್ದರೆ ಒಪ್ಪಬೇಡಿ. ಕಿತ್ತಳೆ ಬಣ್ಣದ ಚೌಕದಲ್ಲಿ ಕಪ್ಪು ಇಂಟು ಗುರುತು ಇರುವ ಹಾಳೆ ಹಳೇ ಪದ್ಧತಿಯದು, ಹೊಸದನ್ನು ಕೇಳಿ ಪಡೆಯಿರಿ. ಹಾಳೆ ಕೊಡುವುದು, ಡ್ರಮ್ಮಿಗೆ ಲೇಬಲ್ ಹಚ್ಚುವುದು ಎರಡನ್ನೂ 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳ 17ನೇ ನಿಯಮ ಹೇಳುತ್ತದೆ. ಕೇಳಲು ಸಂಕೋಚ ಬೇಕಿಲ್ಲ.

ಚಿತ್ರ ನೋಡಿ ಮೋಸ ಹೋಗುವುದು

ಹೆಚ್ಚಿನ ತಪ್ಪು ಆಗುವುದು ಇಲ್ಲಿ. ಶಾಪಿನೊಳಗಿನ ಲೇಬಲ್ಲಿನಲ್ಲಿ ಟಿಸಿಇಗೆ ಕೆಂಪು ಅಂಚಿನ ಎರಡು ವಜ್ರ ಬರುತ್ತವೆ: ಎದೆಯ ಮೇಲೆ ನಕ್ಷತ್ರ ಸಿಡಿದ ಮನುಷ್ಯನದು ಒಂದು, ಆಶ್ಚರ್ಯಸೂಚಕ ಚಿಹ್ನೆಯದು ಇನ್ನೊಂದು. ತಲೆಬುರುಡೆ ಇರುವುದಿಲ್ಲ. ಯಾಕೆಂದರೆ ತಲೆಬುರುಡೆ ಬರುವುದು ಸ್ವಲ್ಪದರಲ್ಲೇ ಜೀವ ತೆಗೆಯುವ ವಿಷಕ್ಕೆ. ಟಿಸಿಇಯನ್ನು ಇಲಿಗೆ ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣ ದೇಹದ ತೂಕದ ಕಿಲೋಗೆ ಸುಮಾರು 4,900 ಮಿಲಿಗ್ರಾಂ. ಆ ಲೆಕ್ಕದಲ್ಲಿ ಅದು ತೀವ್ರ ವಿಷವಲ್ಲ. ಇದರ ಕೆಲಸ ನಿಧಾನದ್ದು, ವರ್ಷಗಟ್ಟಲೆ.

ಅದೇ ಡ್ರಮ್ಮು ಲಾರಿ ಹತ್ತಿದಾಗ ತಲೆಬುರುಡೆ ಬರುತ್ತದೆ! ಸಾಗಣೆಯ ಪದ್ಧತಿಯಲ್ಲಿ ಟಿಸಿಇ ಯುಎನ್ 1710 (ಸಾಗಣೆಯ ಗುರುತಿನ ಸಂಖ್ಯೆ), ವರ್ಗ 6.1 (ವಿಷ ವಸ್ತುಗಳು), ಪ್ಯಾಕಿಂಗ್ ಗುಂಪು 3 ಎಂದು ಹೆಸರು ಹಿಡಿದೇ ಪಟ್ಟಿಯಾಗಿದೆ. ಬಿಳಿ ವಜ್ರದಲ್ಲಿ ತಲೆಬುರುಡೆ, ಕೆಳಗಿನ ಮೂಲೆಯಲ್ಲಿ 6. ಈ ವಜ್ರ ಕ್ಯಾನ್ಸರ್ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಸಾಗಣೆಯ ವರ್ಗಗಳಲ್ಲಿ ಕ್ಯಾನ್ಸರ್‌ಗೆ ಜಾಗವೇ ಇಲ್ಲ. ಹಾಗಾಗಿ ಲಾರಿಯ ಗುರುತನ್ನೇ ನೋಡಿಕೊಂಡು ಟ್ಯಾಂಕಿಗೆ ಲೇಬಲ್ ಹಚ್ಚಿದರೆ ಮುಖ್ಯ ಅಪಾಯವೇ ಬಿಟ್ಟುಹೋಗುತ್ತದೆ. ಶಾಪಿನ ಗುರುತು ನೋಡಿಕೊಂಡು ಲಾರಿಗೆ ಕಾಗದ ಬರೆದರೆ ದಾರಿಯಲ್ಲಿ ಅಪಘಾತವಾದಾಗ ಅಗ್ನಿಶಾಮಕದವರಿಗೆ ಬೇಕಾದ ಯುಎನ್ ಸಂಖ್ಯೆ ಸಿಗುವುದಿಲ್ಲ. ಎರಡನ್ನೂ ಬೇರೆಯಾಗಿಯೇ ಬರೆಯಿರಿ.

ಇನ್ನೊಂದು ಬಲೆ: ಸತ್ತ ಮೀನು, ಒಣಮರದ ಚಿತ್ರ ಟಿಸಿಇ ಲೇಬಲ್ಲಿನಲ್ಲಿ ಇಲ್ಲ. ನೀರಿಗೆ ಹಾನಿಯಿಲ್ಲವೆಂದು ಅರ್ಥವಲ್ಲ. ಜಲಜೀವಿಗಳ ವರ್ಗ 3ಕ್ಕೆ ಚಿತ್ರವೇ ನಿಗದಿಯಾಗಿಲ್ಲ, ಎಚ್412 ಎಂಬ ಅಕ್ಷರಗಳಷ್ಟೇ. ಆ ವರ್ಗ ಅಳೆಯುವುದೂ ಮೀನು, ಪಾಚಿಗಳ ಮೇಲಿನ ಪರಿಣಾಮವನ್ನು, ಕುಡಿಯುವ ಬಾವಿಯನ್ನಲ್ಲ. ಮಲೆನಾಡಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಟಿಸಿಇ ನೀರಿಗಿಂತ ಭಾರ. ನೆಲಕ್ಕೆ ಬಿದ್ದರೆ ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು, ಅಂತರ್ಜಲದ ಮೇಲೆ ತೇಲದೆ, ಅದರ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿಂದ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದೇ ಒಂದು ಮಿಲಿಲೀಟರ್ ಟಿಸಿಇ 2.9 ಲಕ್ಷ ಲೀಟರ್ ನೀರನ್ನು ಮಿತಿಗೆ ಮುಟ್ಟಿಸುತ್ತದೆ. ಎಂಟಡಿ ಅಗಲದ, ಹದಿಮೂರು ಅಡಿ ನೀರಿರುವ ಬಾವಿಯಲ್ಲಿ ಸುಮಾರು 18 ಸಾವಿರ ಲೀಟರ್. ಅಂಥ ಸುಮಾರು ಹದಿನಾರು ಬಾವಿಗಳಾದವು. ಲೇಬಲ್ಲಿನಲ್ಲಿ ಚಿತ್ರವಿಲ್ಲದಿದ್ದರೂ ‘ಚರಂಡಿಗೆ, ನೆಲಕ್ಕೆ ಚೆಲ್ಲಬೇಡಿ’ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಮಳೆಗಾಲದ ಗಾಳಿ

ವರ್ಗೀಕರಣ ವಸ್ತುವಿನ ಗುಣ ಹೇಳುತ್ತದೆ, ನಿಮ್ಮ ಕೋಣೆಯಲ್ಲಿ ಎಷ್ಟಿದೆ ಎಂದು ಹೇಳುವುದಿಲ್ಲ. ಆ ಲೆಕ್ಕ ನೀವೇ ಹಾಕಬೇಕು. ಜುಲೈ ತಿಂಗಳಲ್ಲಿ ಇರಚಲು ಹೊಡೆಯುತ್ತದೆಂದು ಕಿಟಕಿ, ಶಟರ್ ಎಲ್ಲ ಮುಚ್ಚಿದ ಕೋಣೆ ಎಂದುಕೊಳ್ಳಿ: 5 ಮೀಟರ್ ಉದ್ದ, 4 ಅಗಲ, 3 ಎತ್ತರ, ಒಟ್ಟು 60 ಘನ ಮೀಟರ್. ಒಂದು ಮಿಲಿಲೀಟರ್ ಟಿಸಿಇ ಆವಿಯಾದರೆ ಸುಮಾರು 272 ಮಿಲಿಲೀಟರ್ ಆವಿ. ಈ ಕೋಣೆಯಲ್ಲಿ ಅದು 4.5 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 4.5 ಭಾಗ. ಟೀ ಲೋಟದಷ್ಟು, ಅಂದರೆ 100 ಮಿಲಿಲೀಟರ್ ಚೆಲ್ಲಿ ಆರಿದರೆ 450 ಪಿಪಿಎಂ ದಾಟುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದ ಮಿತಿ ಎಂಟು ಗಂಟೆಯ ಸರಾಸರಿಗೆ 50 ಪಿಪಿಎಂ, ಹದಿನೈದು ನಿಮಿಷಕ್ಕೆ 200. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘವಾದ ಎಸಿಜಿಐಎಚ್‌ನ ಮಿತಿ ಇನ್ನೂ ಬಿಗಿ: 10 ಮತ್ತು 25. ನಾವು ಹೇಳುವುದು 10ನ್ನೇ ಗುರಿಯಾಗಿಟ್ಟುಕೊಳ್ಳಿ ಎಂದು. 50ರ ಮಿತಿ ಹಳೆಯದು.

ಆವಿ ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರ. ಚಾವಣಿಯ ಎಕ್ಸಾಸ್ಟ್ ಫ್ಯಾನ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ಹೀರುವ ಬಾಯಿ ಟ್ಯಾಂಕಿನ ಅಂಚಿನಲ್ಲೇ ಇರಬೇಕು. ಸಿಹಿ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ, ಅದು ಎಚ್ಚರಿಕೆಯ ಗಂಟೆಯಲ್ಲ. ಕೈಗವಸು ನೈಟ್ರೈಲ್‌ದಾದರೆ ಕೆಲವೇ ನಿಮಿಷದಲ್ಲಿ ಟಿಸಿಇ ಒಳಗೆ ಬರುತ್ತದೆ. ವಿಟಾನ್ ರಬ್ಬರಿನದು ಇಲ್ಲವೇ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಲೇಪದ್ದು ಬೇಕು. ಪಿವಿಎ ನೀರಿಗೆ ಕರಗುತ್ತದೆ, ಒದ್ದೆ ಕೆಲಸಕ್ಕೆ ಆಗದು.

ಬೆರಕೆ ಮಾಡಿದ್ದಕ್ಕೆ

ಬೆರಕೆಯಲ್ಲಿ ತೂಕದ ಶೇಕಡಾವಾರು ನೋಡಬೇಕು. ಟಿಸಿಇ ಶೇ 0.1 ಇದ್ದರೆ ಸಾಕು, ಇಡೀ ದ್ರಾವಕ ಕ್ಯಾನ್ಸರ್‌ಕಾರಕ 1ಬಿ. ಶೇ 1ಕ್ಕೆ ವಂಶವಾಹಿ ದೋಷ ವರ್ಗ 2. ಶೇ 10ಕ್ಕೆ ಚರ್ಮ, ಕಣ್ಣು. ಶೇ 20ಕ್ಕೆ ಮಂಪರು. ಶೇ 25ಕ್ಕೆ ಜಲಜೀವಿ ವರ್ಗ 3. ಉದಾಹರಣೆಗೆ ಶೇ 15 ಟಿಸಿಇ, ಉಳಿದದ್ದು ಸೀಮೆಎಣ್ಣೆ ಜಾತಿಯ ಸ್ಪಿರಿಟ್ ಇರುವ ಕ್ಲೀನರ್ ತೆಗೆದುಕೊಳ್ಳಿ. ಟಿಸಿಇಯ ದೆಸೆಯಿಂದ ಎಚ್350, 341, 315, 319 ಬರುತ್ತವೆ. 336, 412 ಟಿಸಿಇ ಒಂದರಿಂದಲೇ ಬರುವುದಿಲ್ಲ. ಸ್ಪಿರಿಟ್‌ನ ಅಪಾಯಗಳನ್ನು ಅದರ ಹಾಳೆ ನೋಡಿ ಸೇರಿಸಬೇಕು. ಈಗ ಬೆಂಕಿಯ ವರ್ಗವೂ ಬರಬಹುದು.

ಗಮನಕ್ಕೆ ಬಾರದೆ ಆಗುವ ಬೆರಕೆ ಇನ್ನೂ ಕೆಟ್ಟದ್ದು. 200 ಲೀಟರ್ ಹಳೇ ಎಣ್ಣೆಯ ಡ್ರಮ್ಮಿಗೆ ಯಾರೋ ಅರ್ಧ ಲೀಟರ್ ಟಿಸಿಇ ಸುರಿದರು ಎನ್ನಿ. ಟಿಸಿಇ 0.73 ಕಿಲೋ, ಎಣ್ಣೆ ಸುಮಾರು 176 ಕಿಲೋ. ಶೇ 0.4 ಆಯಿತು. ಮಿತಿಯ ನಾಲ್ಕು ಪಟ್ಟು. ಆ ಅರ್ಧ ಲೀಟರಿನಿಂದ ಇಡೀ ಡ್ರಮ್ಮಿನ ವರ್ಗ ಬದಲಾಯಿತು. ಟಿಸಿಇ ತ್ಯಾಜ್ಯಕ್ಕೆ ಬೇರೆಯೇ ಡ್ರಮ್ಮು ಇಡಿ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿ ಬಿಟ್ಟ ದ್ರಾವಕ ಅನುಸೂಚಿ 1ರ 20.2, ಬಟ್ಟಿ ಇಳಿಸಿದ ಮೇಲೆ ಉಳಿದ ಗಸಿ 20.3. ಡ್ರಮ್ಮಿಗೆ ನಮೂನೆ 8ರ ಲೇಬಲ್, ಸಾಗಿಸುವಾಗ ನಮೂನೆ 10ರ ಸಾಗಣೆ ಪತ್ರ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಖಾಲಿ ಡ್ರಮ್ಮು, ಬೆಂಕಿ, ಕಾಸ್ಟಿಕ್

ಖಾಲಿ ಡ್ರಮ್ಮು ತೊಳೆದು ಶುದ್ಧವಾಗುವ ತನಕ ತುಂಬಿದ ಡ್ರಮ್ಮಿನ ವರ್ಗವೇ ಅದಕ್ಕೂ. ಅಡಿಕೆ ಚೊಗರು ತುಂಬಿಡಲು, ಮೈಲುತುತ್ತ ಕಲಸಲು, ಮಳೆನೀರು ಹಿಡಿಯಲು ಹಳೇ ಡ್ರಮ್ಮಿಗೆ ಸುತ್ತಲಿನ ಹಳ್ಳಿಗಳಲ್ಲಿ ಗಿರಾಕಿ ಇದ್ದೇ ಇರುತ್ತಾರೆ. ದಯವಿಟ್ಟು ಮಾರಬೇಡಿ, ಕೊಡಲೂಬೇಡಿ. ತಳದಲ್ಲಿ ಉಳಿದ ಒಂದು ಲೋಟವೇ ಮೇಲಿನ ಬಾವಿ ಲೆಕ್ಕಕ್ಕೆ ನೂರು ಪಟ್ಟು.

ಅದನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸುವುದೂ ಬೇಡ. ಫ್ಲ್ಯಾಶ್ ಪಾಯಿಂಟ್ ಇಲ್ಲ ಎಂದ ಮಾತ್ರಕ್ಕೆ ಆವಿ ಎಂದೂ ಉರಿಯದು ಎಂದಲ್ಲ. ಗಾಳಿಯಲ್ಲಿ ಸುಮಾರು ಶೇ 8ರಿಂದ 10.5ರವರೆಗೆ ಆವಿಯಿದ್ದರೆ ಬಲವಾದ ಕಿಡಿಗೆ ಹತ್ತುತ್ತದೆ. 25 ಡಿಗ್ರಿಯಲ್ಲಿ ಮುಚ್ಚಿದ ಡ್ರಮ್ಮಿನೊಳಗೆ ಆವಿ ಶೇ 9ರ ಆಸುಪಾಸು ಇರುತ್ತದೆ. ಜ್ವಾಲೆಗೆ, ವೆಲ್ಡಿಂಗ್ ಬೆಳಕಿಗೆ ಸಿಕ್ಕ ಆವಿ ಒಡೆದು ಹೈಡ್ರೋಜನ್ ಕ್ಲೋರೈಡ್, ಫಾಸ್ಜೀನ್ ಎಂಬ ವಿಷಾನಿಲಗಳಾಗುತ್ತದೆ. ಡಿಗ್ರೀಸಿಂಗ್ ಟ್ಯಾಂಕ್ ಇರುವ ಶೆಡ್ಡಿನಲ್ಲಿ ವೆಲ್ಡಿಂಗ್ ಇಡಬೇಡಿ.

ಅಲ್ಯುಮಿನಿಯಂ ಪುಡಿ ಟ್ಯಾಂಕಿನ ತಳದಲ್ಲಿ ಕೂಡಿದರೆ, ಟಿಸಿಇ ಕೆಡದಂತೆ ಬೆರೆಸಿರುವ ಸ್ಟೆಬಿಲೈಸರ್ ಮುಗಿದರೆ, ಟಿಸಿಇ ಆಮ್ಲವಾಗುತ್ತದೆ. ಆಗ ‘ಹುಳಿ ಬಂದಿದೆ’ ಎಂದು ಕಾಸ್ಟಿಕ್ ಸೋಡಾ ಹಾಕುವವರಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟ ತಪ್ಪು: ಟಿಸಿಇ ಮತ್ತು ಕಾಸ್ಟಿಕ್ ಸೇರಿದರೆ ಡೈಕ್ಲೋರೋಅಸಿಟಿಲೀನ್ ಹುಟ್ಟುತ್ತದೆ. ಅದು ವಿಷ, ಗಾಳಿ ತಾಗಿದರೆ ತಾನಾಗಿ ಹತ್ತಿಕೊಳ್ಳುತ್ತದೆ, ಸಿಡಿಯುತ್ತದೆ. ಎಂಎಸ್‌ಡಿಎಸ್‌ನ 10ನೇ ವಿಭಾಗದಲ್ಲಿ ‘ಬಲವಾದ ಕ್ಷಾರ’ ಎಂಬ ಎರಡು ಪದದಲ್ಲಿ ಇದು ಅಡಗಿರುತ್ತದೆ. ಅದನ್ನು ಬಿಡಿಸಿ ಟ್ಯಾಂಕಿನ ಪಕ್ಕದ ಗೋಡೆಗೆ ಬರೆಸಿ.

ಯುರೋಪಿನಲ್ಲಿ 2016ರ ಏಪ್ರಿಲ್ 21ರ ನಂತರ ವಿಶೇಷ ಅನುಮತಿಯಿಲ್ಲದೆ ಟಿಸಿಇ ಬಳಸುವಂತಿಲ್ಲ. ನಮ್ಮಲ್ಲೂ ಬಿಸಿನೀರಿನ ಕ್ಷಾರದ ಡಿಟರ್ಜೆಂಟ್‌ಗೆ ಬದಲಾಗುವುದು ಒಳ್ಳೆಯದು, ಹೆಚ್ಚಿನ ಎರಕದ ಭಾಗಗಳಿಗೆ ಅಷ್ಟೇ ಸಾಕು. ಆದರೆ ಟಿಸಿಇ ಇದ್ದ ಟ್ಯಾಂಕಿಗೇ ಆ ಡಿಟರ್ಜೆಂಟ್ ಸುರಿಯಬೇಡಿ; ಅದರಲ್ಲಿ ಕಾಸ್ಟಿಕ್ ಇರುತ್ತದೆ. ಮೊದಲು ಗಸಿಯನ್ನೆಲ್ಲ ತ್ಯಾಜ್ಯದ ಡ್ರಮ್ಮಿಗೆ ತೆಗೆದು, ಪಂಪು, ಪೈಪು, ವಾಲ್ವುಗಳ ಬೆಂಡುಗಳಲ್ಲಿ ನಿಂತದ್ದನ್ನೂ ಹರಿಸಿ, ಹೀರುವ ಗಾಳಿ ಹಚ್ಚಿ ಪೂರ್ತಿ ಆರಿಸಿ, ಆವಿ ಮಾಪಕದಲ್ಲಿ ಸೊನ್ನೆ ನೋಡಿಕೊಳ್ಳಿ. ಆಗುವುದಾದರೆ ಹೊಸ ಟ್ಯಾಂಕನ್ನೇ ಕೂರಿಸಿ.