ರೋಬೋ ಸೊಂಟಕ್ಕೆ ಸೈಕಲ್ ಕಡ್ಡಿ: ನನ್ನ ಅನುಭವ

ಅಂಟು ಹಚ್ಚಿ ಕೂಡಿಸಿದ ಕೀಲು ಮತ್ತೆ ಮುರಿದೇ ಮುರಿಯುತ್ತದೆ. ಈ ಮಾತನ್ನು ನಮ್ಮ ಗುಂಪಿನಲ್ಲಿ, ಅಂದರೆ ಲಾರಿ-ಕಾರು ಆಗಿ ಮಡಚಿಕೊಳ್ಳುವ ಟ್ರಾನ್ಸ್‌ಫಾರ್ಮರ್ಸ್ ರೋಬೋ ಗೊಂಬೆ ಕೂಡಿಡುವವರ ಗುಂಪಿನಲ್ಲಿ, ಯಾರೂ ಒಪ್ಪಿರಲಿಲ್ಲ. ನನ್ನ ರೋಬೋದ ಮುರಿದ ಸೊಂಟಕ್ಕೆ ಸೈಕಲ್ ಕಡ್ಡಿಯಲ್ಲಿ ಪಿನ್ ಮಾಡ್ತೀನಿ ಅಂದಾಗ ಅಂತೂ ಹಲ್ಲು ಕಿಸಿದರು. ತುಕ್ಕು ಹಿಡಿಯುತ್ತೆ, ಪ್ಲಾಸ್ಟಿಕ್ ಸೀಳುತ್ತೆ, ಸಾವಿರಾರು ರೂಪಾಯಿ ಗೊಂಬೆಗೆ ಐದು ರೂಪಾಯಿ ಕಡ್ಡಿ ಹಾಕ್ತೀರಾ ಅಂತ ಒಬ್ಬೊಬ್ಬರದು ಒಂದೊಂದು ಮಾತು. ಕಲಬುರಗಿ ಬೇಸಿಗೆ ನಿಮಗೆ ಗೊತ್ತೇ ಇದೆ, 43-44 ಡಿಗ್ರಿ. ಆ ಬೇಸಿಗೆ ದಾಟಿತು, ಮಳೆಗಾಲವೂ ದಾಟಿತು. ರೋಬೋ ನಿಂತೇ ಇದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ರೋಬೋ ಅಂದರೆ ಸಿನಿಮಾ ಡಿಸೈನಿನ ಲಾರಿ ರೋಬೋ, ಅದರ ದೊಡ್ಡ ಸೈಜಿನ ನಕಲು. ಒಂದು ಅಡಿಗಿಂತ ಎತ್ತರ, ಕೈಗೆತ್ತಿಕೊಂಡರೆ ಒಳ್ಳೇ ತೂಕ. ಹೈದರಾಬಾದಿನ ಒಬ್ಬ ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಮೂರೂವರೆ ಸಾವಿರದ ಆಸುಪಾಸು ಕೊಟ್ಟ ನೆನಪು. ಅಸಲಿಯನ್ನೇ ತಗೋಬಹುದಿತ್ತಲ್ವಾ ಅನ್ನಬೇಡಿ. 2020ರಲ್ಲಿ ಆಟಿಕೆಗಳ ಕಸ್ಟಮ್ಸ್ ಸುಂಕ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಅದರ ಮಧ್ಯೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ. ನಮ್ಮಂಥವರು ಹೊರಗಿನಿಂದ ತರಿಸೋದು ಅಲ್ಲಿಗೆ ಹೆಚ್ಚುಕಮ್ಮಿ ನಿಂತೇ ಹೋಯಿತು. ಸೊಂಟದ ಒಂದು ತುಂಡು ಮಾತ್ರ ಬೇಕು ಅಂದರೆ ಪ್ರಪಂಚದಲ್ಲಿ ಯಾರೂ ಕೊಡಲ್ಲ, ಪೂರ್ತಿ ರೋಬೋನೇ ತಗೋಬೇಕು.

ಸುಲಭದ ಗೊಂಬೆ ತಗೊಂಡರೆ ಇಷ್ಟು ಗೋಳೇ ಇಲ್ಲ, ಒಪ್ಪುತ್ತೇನೆ. 1984ರ ಆಪ್ಟಿಮಸ್ ಪ್ರೈಮ್ ಅನ್ನೋ ಲಾರಿ ರೋಬೋ ನೋಡಿ. ಲಾರಿಯ ಮುಂದಿನ ಗಾಜೇ ರೋಬೋದ ಎದೆ. ನಾಲ್ಕು ಸಲ ಮಡಚಿದರೆ ಆಟ ಮುಗಿಯಿತು. ಚೆಂದ ಇದೆ, ಆದರೆ ನನಗೆ ಒಂದು ಸಂಜೆಗೂ ಸಾಲಲ್ಲ. 2003ರಲ್ಲಿ ಕೂಡಿಡುವವರಿಗೆಂದೇ ಮಾಡಿದ ಮಾಸ್ಟರ್‌ಪೀಸ್ ಗೊಂಬೆ ಸಾಲು ಶುರುವಾದ ಮೇಲೆ, 2007ರ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾ ಆದ ಮೇಲೆ ಅಂತೂ ಕೇಳೋದೇ ಬೇಡ, ಒಂದೊಂದು ಕಾಲಿನ ಒಳಗೇ ಐದಾರು ಹಲಗೆ ಸುತ್ತಿಕೊಂಡಿರುತ್ತವೆ. ಹೊರಗಡೆ ಚಿಪ್ಪು ಹೊದಿಸಿ ಒಳಗೆ ಬೇರೆ ರೋಬೋ ಬಚ್ಚಿಡೋ ಡಿಸೈನ್ ನನಗೆ ಸೇರಲ್ಲ. ಲಾರಿಯ ಭಾಗವೇ ರೋಬೋದ ಮೈ ಆಗಬೇಕು. ಚಕ್ರ ಮೊಣಕಾಲ ಹಿಂದೆ ಹೋಗಿ ಕೂರಬೇಕು, ಬಾಗಿಲು ಭುಜ ಆಗಬೇಕು.

ಆದರೆ ಲಾರಿ ಮಾಡುವಾಗಿನ ಕೊನೆಯ ಹೆಜ್ಜೆ ಇದೆಯಲ್ಲ, ಅದು ಜೀವ ತಿನ್ನುತ್ತದೆ. ಎಲ್ಲಾ ಹಲಗೆಗಳೂ ಒಟ್ಟಿಗೆ ಕೂರಬೇಕು. ಎಡಗಡೆ ಬಾಗಿಲು ಟಕ್ ಅಂತ ಕೂತಿತು ಅನ್ನುವಷ್ಟರಲ್ಲಿ ಬಲಗಡೆಯ ಡೀಸೆಲ್ ಟ್ಯಾಂಕ್ ಹೊರಗೆ ಚಿಮ್ಮುತ್ತದೆ. ಟ್ಯಾಂಕ್ ಒತ್ತಿದರೆ ಚಾವಣಿ ಏಳುತ್ತದೆ. ಚಾವಣಿ ಅದುಮಿ ಹಿಡಿದು, ಹೆಬ್ಬೆರಳಿನಲ್ಲಿ ಬಾಗಿಲನ್ನು ಅರ್ಧ ತೆರೆದು, ಟ್ಯಾಂಕನ್ನು ಮೊದಲು ಒಳಗೆ ತಳ್ಳಿ ಆಮೇಲೆ ಬಾಗಿಲು ಬಿಟ್ಟರೆ ಮಾತ್ರ ಎಲ್ಲವೂ ಒಟ್ಟಿಗೆ ಕೂರುತ್ತವೆ. ಗೊಂಬೆ ಜೊತೆ ಬರುವ ಚೀಟಿಯಲ್ಲಿ ಇದು ಒಂದೇ ಒಂದು ಬಾಣದ ಗುರುತು. ಅದನ್ನು ಬರೆದವರು ಗೊಂಬೆಯನ್ನು ಮುಟ್ಟಿ ನೋಡಿದ್ದಾರಾ ಅಂತ ನನಗೆ ಈಗಲೂ ಅನುಮಾನ.

ಹೀಗೆ ಒತ್ತಿ ಒತ್ತಿಯೇ ಸೊಂಟ ಹೋಗೋದು. ಲಾರಿಗೆ ಬರುವಾಗ ಕಾಲನ್ನು ತಿರುಗಿಸಿ ಹಿಂದಕ್ಕೆ ಮಡಚಬೇಕು, ಆ ಭಾರವೆಲ್ಲ ರಾಚೆಟ್ (ಕಟ್ ಕಟ್ ಅಂತ ಹಂತ ಹಂತವಾಗಿ ತಿರುಗುವ ಹಲ್ಲಿನ ಕೀಲು) ಪಕ್ಕದ ಒಂದೇ ಪಿನ್ ಮೇಲೆ ಬೀಳುತ್ತದೆ. ಪಿನ್ ಹಿಡಿದಿರುವ ಕಿವಿ, ಅಂದರೆ ತೂತಿರುವ ಪ್ಲಾಸ್ಟಿಕ್ ಚಾಚು, ಸೀಳಿತು ಅಂದರೆ ರೋಬೋ ಕುಡಿದವರ ಹಾಗೆ ಒಂದು ಕಡೆಗೆ ವಾಲುತ್ತದೆ.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ, ಫೆವಿಕ್ವಿಕ್. ಅದು ಹಿಡಿಯೋದಕ್ಕೆ ಗಾಳಿಯಲ್ಲಿ ತೇವ ಬೇಕು, ನಮ್ಮ ಏಪ್ರಿಲ್‌ನಲ್ಲಿ ತೇವ ಎಲ್ಲಿಂದ ಬರಬೇಕು! ಸೀಳು ಕೂಡಿತು, ಮೂರನೇ ಸಲ ಕಾಲು ಮಡಚುವಷ್ಟರಲ್ಲಿ ಬಿಟ್ಟಿತು. ಆಮೇಲೆ ಅಡುಗೆ ಸೋಡಾ ಉದುರಿಸಿ ಫೆವಿಕ್ವಿಕ್ ಬಿಟ್ಟೆ. ಕಲ್ಲಿನ ಹಾಗೆ ಆಯಿತು, ಕಲ್ಲಿನ ಹಾಗೇ ಒಡೆಯಿತು. ಪಾರದರ್ಶಕ ಭಾಗದ ಹತ್ತಿರ ಇದನ್ನು ತಗೊಂಡು ಹೋಗಲೇಬೇಡಿ, ಬೆಳ್ಳಗೆ ಮಂಜು ಹಿಡಿಯುತ್ತದೆ, ಉಜ್ಜಿದರೂ ಸುಲಭಕ್ಕೆ ಹೋಗಲ್ಲ. ಅರಾಲ್ಡೈಟ್ ಇದ್ದಿದ್ದರಲ್ಲಿ ವಾಸಿ, ಕೆಲವು ವಾರ ನಿಂತಿತು. ಸಾಲ್ಡರಿಂಗ್ ಐರನ್‌ನಲ್ಲಿ ತಂತಿ ಕಾಯಿಸಿ ಹೊಲಿಗೆ ಹಾಕೋ ವಿದ್ಯೆಯನ್ನೂ ನೋಡಿದೆ. ಮನೆಯೆಲ್ಲ ಸುಟ್ಟ ವಾಸನೆ, ಕಿವಿ ಮೊದಲಿಗಿಂತ ಸಣ್ಣದಾಯಿತು.

ಹೈದರಾಬಾದಿನಲ್ಲಿ ಒಬ್ಬರ ಹತ್ತಿರ ಆ ತುಂಡನ್ನೇ ತ್ರೀಡಿ ಪ್ರಿಂಟ್ ಮಾಡಿಸಿದ್ದೂ ಆಯಿತು. ಅಳತೆ ತೆಗೆದದ್ದು, ಕೊರಿಯರ್ ಎಲ್ಲಾ ಸೇರಿ ಎಂಟು-ಒಂಬೈನೂರು ಬಿತ್ತು. ನೋಡೋಕೆ ಅಸಲಿಯನ್ನೇ ಮೀರಿಸುವ ಹಾಗಿತ್ತು. ಆದರೆ ಪ್ರಿಂಟ್ ಮಾಡಿದ್ದು ಪಿಎಲ್ಎ ಅನ್ನೋ ಪ್ಲಾಸ್ಟಿಕ್‌ನಲ್ಲಿ, ಅದು 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ಅಷ್ಟು ಕಾವು ಬರೋದು ಇಲ್ಲಿ ದಿನದ ಮಾತು. ಗೆಳೆಯನಿಗೆ ತೋರಿಸೋಣ ಅಂತ ಬೀದರ್‌ಗೆ ಒಯ್ದಿದ್ದೆ, ಕೋಟೆ ನೋಡಿಕೊಂಡು ಬರುವಷ್ಟರಲ್ಲಿ ಕಿವಿ ಬಾಗಿ ಹೋಗಿತ್ತು. ಅಂಟು, ಪ್ರಿಂಟು, ಸುಟ್ಟುಕೊಂಡ ಸಾಮಾನು ಎಲ್ಲಾ ಸೇರಿ ಎರಡು ಸಾವಿರ ನೀರಿನಲ್ಲಿ ಹೋಮ. ಮನೆಯವಳು ಒಂದೇ ಮಾತಿನಲ್ಲಿ ಲೆಕ್ಕ ಚುಕ್ತಾ ಮಾಡಿದಳು: "ಈ ಗೊಂಬಿ ಸೊಂಟಕ್ಕ ಇಷ್ಟ್ ರೊಕ್ಕ ಸುರೀತೀರಿ. ನನ್ ಸೊಂಟ ನೋಯ್ತದ ಅಂದ್ರ ಬಾಮ್ ಹಚ್ಕೋ ಅಂತೀರಿ."

ಸೀಳಿದ್ದು ಯಾಕೆ ಅನ್ನೋದು ಹೊಳೆದದ್ದು ಹಳೇ ಪಿನ್ನನ್ನು ವರ್ನಿಯರ್‌ನಲ್ಲಿ ಅಳೆದಾಗ. ಪಿನ್ 2 ಮಿಮೀಗಿಂತ ಒಂದು ಕೂದಲು ದಪ್ಪ, ತೂತು ಅದಕ್ಕಿಂತ ಸಣ್ಣದು. ಕಾರ್ಖಾನೆಯಲ್ಲಿ ಬಡಿದು ಕೂರಿಸಿದ್ದಾರೆ. ಹೊಸದರಲ್ಲಿ ಏನೂ ಗೊತ್ತಾಗಲ್ಲ, ಪ್ಲಾಸ್ಟಿಕ್ ಒಳಗೊಳಗೇ ಹಿಗ್ಗಿಕೊಂಡು ನಿಂತಿರುತ್ತದೆ. ಸುಮ್ನೆ ಕಪಾಟಿನಲ್ಲಿ ಇಟ್ಟರೂ ಒಂದು ದಿನ ಸೀಳು ಬಿಡುತ್ತದೆ. ಅಂಟು ಸೀಳನ್ನು ಮುಚ್ಚುತ್ತದೆ, ಆದರೆ ಪಿನ್ನಿನ ಒತ್ತಡ ಎಲ್ಲಿಗೆ ಹೋಯಿತು? ಅಲ್ಲೇ ಇದೆ. ಗುಂಪಿನವರ ಜೊತೆ ನನ್ನ ಜಗಳ ಇದೇ. ಸೀಳಿಗಿಂತ ಮೊದಲು ಪಿನ್ನಿಗೆ ಮದ್ದು ಮಾಡಬೇಕು.

ಸೈಕಲ್ ಕಡ್ಡಿ ಸುಮಾರು 2 ಮಿಮೀ ಇರುತ್ತದೆ. ನಮ್ಮ ಓಣಿಯ ಸೈಕಲ್ ಅಂಗಡಿ ಚಾಚಾ ಹಳೇ ಕಡ್ಡಿ ಒಂದು ಹಿಡಿ ಪುಕ್ಕಟೆ ಕೊಟ್ಟರು. "ಗೊಂಬಿಗಿ ಹಾಕಾವ್ರು ನೀವೇ ಮೊದಲ್ನೇರು ನೋಡ್ರಿ ಸಾಬ್" ಅಂದರು. ಸ್ಟೇನ್‌ಲೆಸ್ ಸ್ಟೀಲಿನ ಕಡ್ಡಿ ಬೇಡ, ಸಣ್ಣ ಕಟಿಂಗ್ ಪ್ಲೇಯರ್ ಬಾಯಿ ಹಾಳಾಗುತ್ತದೆ, ಉಜ್ಜೋ ಅರ ಕೂಡ ಸರಿಯಾಗಿ ಕಚ್ಚಲ್ಲ. ಸಾದಾ ಕಡ್ಡಿಯೇ ಸಾಕು. ಇನ್ನೊಂದು ಸಾಮಾನು ಹಳೇ ರೇಡಿಯೋದ ಉದ್ದಕ್ಕೆ ಎಳೆಯುವ ಏರಿಯಲ್. ಸೂಪರ್ ಮಾರ್ಕೆಟ್ ಕಡೆ ರಿಪೇರಿ ಅಂಗಡಿಯಲ್ಲಿ ನಲವತ್ತು ರೂಪಾಯಿಗೋ ಏನೋ ಸಿಕ್ಕಿತು. ಅದರ ತುದಿಯ ಸಣ್ಣ ಕೊಳವೆ ಹಿತ್ತಾಳೆಯದು, ಹೊರಗೆ 3 ಮಿಮೀ ಆಸುಪಾಸು, ಒಳಗೆ ಕಡ್ಡಿ ಆರಾಮಾಗಿ ತಿರುಗುತ್ತದೆ.

ಹಳೇ ಪಿನ್ ತೆಗೆಯೋದು ನಿಮಗೆ ಗೊತ್ತಿರೋದೇ, ಅದರ ಒಂದು ತುದಿ ನುಣುಪು, ಇನ್ನೊಂದಕ್ಕೆ ಸಣ್ಣ ಹಲ್ಲು ಇರುತ್ತವೆ; ನುಣುಪು ತುದಿಯಿಂದ ಒತ್ತಿದಾಗ ಹಲ್ಲಿನ ತುದಿ ಮೊದಲು ಹೊರಗೆ ಬರಬೇಕು. ಸೀಳಿಗೆ ಪ್ಲಾಸ್ಟಿಕ್ ಕರಗಿಸುವ ಅಸಿಟೋನ್ ಒಂದೇ ಹನಿ, ಮೇಲೆ ಬಟ್ಟೆ ಕ್ಲಿಪ್, ರಾತ್ರಿಯಿಡೀ ಹಾಗೇ ಬಿಟ್ಟೆ. ಇದು ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ಗೆ ಮಾತ್ರ. ಜಾರುವ ಹಾಲುಬಣ್ಣದ ನೈಲಾನ್ ಥರದ ಭಾಗಗಳು ಇರುತ್ತವಲ್ಲ, ಅವಕ್ಕೆ ಅಸಿಟೋನ್, ಅಂಟು ಯಾವುದೂ ನಾಟಲ್ಲ. ಮರುದಿನ ತೂತನ್ನು 3 ಮಿಮೀಗೆ ದೊಡ್ಡದು ಮಾಡಿದೆ. ಕರೆಂಟಿನ ಡ್ರಿಲ್ ಹಚ್ಚಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ, ಬೆರಳಲ್ಲೇ ತಿರುಗಿಸಬೇಕು. ಬೆರಳಲ್ಲಿ ತಿರುಗಿಸೋ ಡ್ರಿಲ್ ಕೊಟ್ಟಿದ್ದು ಸರಾಫ್ ಬಜಾರಿನ ಪತ್ತಾರ ಮಾಮಾ. ಪಕ್ಕದಲ್ಲೇ ಕೂತು ನೋಡಿ, "ಬಂಗಾರಕ್ಕೂ ನಾ ಇಷ್ಟ್ ಹೊತ್ತ್ ಹಿಡ್ಯಂಗಿಲ್ಲ ತಮ್ಮಾ" ಅಂದರು.

ಕೊಳವೆಯ ಚೂರನ್ನು ಹೊರಗಡೆ ಉಪ್ಪು ಕಾಗದದಲ್ಲಿ ಗೀಚಿ, ಅರಾಲ್ಡೈಟ್ ಸವರಿ ತೂತಿನೊಳಗೆ ಜಾರಿಸಿದೆ. ಬಡಿಯಲಿಲ್ಲ, ಜಾರಿಸಿದ್ದು. ಇಲ್ಲಿ ಅಂಟು ನಿಲ್ಲುತ್ತದೆ, ಯಾಕಂದರೆ ಇಲ್ಲಿ ಯಾವುದೂ ತಿರುಗಲ್ಲ. ತಿರುಗೋದು ಹಿತ್ತಾಳೆಯೊಳಗಿನ ಕಡ್ಡಿ ಮಾತ್ರ. ಕಡ್ಡಿಯ ಒಂದು ತುದಿಗೆ ಹಲ್ಲು ಬೇಕು, ಇಲ್ಲದಿದ್ದರೆ ನಡೆದಾಡಿಕೊಂಡು ಹೊರಗೆ ಬರುತ್ತದೆ. ಒಂದು ಅರದ ಮೇಲೆ ಕಡ್ಡಿಯ ತುದಿ ಇಟ್ಟು, ಮೇಲಿಂದ ಇನ್ನೊಂದು ಅರ ಒತ್ತಿ ಹಿಡಿದು ಉರುಳಿಸಿ. ಕರಕರ ಅಂತ ಸದ್ದು ಬರುತ್ತೆ, ಆಗ ತುದಿಯಲ್ಲಿ ಸಣ್ಣ ಹಲ್ಲು ಎದ್ದಿರುತ್ತವೆ. ಮೂರು ಮಿಮೀ ಉದ್ದಕ್ಕೆ ಮಾತ್ರ. ಆ ಹಲ್ಲು ಕಚ್ಚಬೇಕಾದದ್ದು ಸೀಳದೇ ಇರುವ ದಪ್ಪ ಗೋಡೆಯನ್ನು. ಇಲ್ಲಿ ಅವಸರ ಮಾಡಿದರೆ ಮಾಡಿದ್ದೆಲ್ಲ ಮಣ್ಣುಪಾಲು.

ಪಿನ್ ಸರಿಯಾದರೂ ರಾಚೆಟ್ ಸಡಿಲ ಇತ್ತು, ಸ್ಪ್ರಿಂಗ್ ಸೋತಿತ್ತು. ಸ್ಪ್ರಿಂಗ್ ಹಿಂದೆ ಒಂದು ತೆಳು ಬಿಲ್ಲೆ ಇಟ್ಟೆ. ಯಾವುದರ ಬಿಲ್ಲೆ, ಎಷ್ಟು ದಪ್ಪ ಅಂತ ಇಲ್ಲಿ ಹೇಳಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ. ಕಟ್ ಕಟ್ ಅಂತ ಹೊಸದರ ಸದ್ದು ಬಂತು. ಒಂದೇ ಕಾಲ ಮೇಲೆ ನಿಲ್ಲಿಸಿ, ಇನ್ನೊಂದು ಕಾಲನ್ನು ಒದೆಯೋ ಹಾಗೆ ಎತ್ತಿ ಫೋಟೋ ಹಾಕಿದೆ. ಹಲ್ಲು ಕಿಸಿದವರಲ್ಲೇ ಒಬ್ಬರು ಹಿಂದೆ ದಾರ ಕಟ್ಟಿದ್ದೀರಾ ಅಂತ ಕೇಳಿದರು. ವಿಡಿಯೋ ಕಳಿಸಿದೆ. ಖರ್ಚು ಡ್ರಿಲ್ ಬಿಟ್‌ಗಳೂ ಸೇರಿ ಮುನ್ನೂರು ದಾಟಿಲ್ಲ.

ಕೈ ಅಭ್ಯಾಸಕ್ಕೆ ಒಳ್ಳೇ ಗೊಂಬೆ ಬೇಡ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಯಲ್ಲಿ ನೂರು-ನೂರೈವತ್ತಕ್ಕೆ ಕಾರು ರೋಬೋ ಸಿಗುತ್ತವೆ. ಮಕ್ಕಳಿಗೆ ಅಂತ ಹೇಳಿ ನಾಲ್ಕೈದು ತಂದು, ಬಿಚ್ಚಿ ಪಿನ್ನು ಸ್ಪ್ರಿಂಗು ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಅದೇ ಸುಮಾರಿಗೆ ಹಳದಿ ಬಿದ್ದ ಬಿಳಿ ಆಂಬುಲೆನ್ಸ್ ರೋಬೋದ ಮೇಲೂ ಒಂದು ಪ್ರಯೋಗ ಮಾಡಿದೆ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ 12 ಪರ್ಸೆಂಟ್ ಪೆರಾಕ್ಸೈಡ್ ಕ್ರೀಮ್ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಬೇರೆ ಊರಿನವರು ಎರಡು ದಿನ ಇಡ್ತೀವಿ ಅಂತಾರೆ, ನಮ್ಮಲ್ಲಿ ಒಂದು ಮಧ್ಯಾಹ್ನ ಸಾಕು, ಅಷ್ಟಕ್ಕಾದರೂ ಈ ಬಿಸಿಲು ಉಪಯೋಗಕ್ಕೆ ಬಂತು. ಆದರೆ ಕ್ರೀಮ್ ಒಣಗಿದ ಕಡೆ ಪಟ್ಟೆ ಪಟ್ಟೆ ಉಳಿಯಿತು. ಎರಡನೇ ಸಲ ಔಷಧಿ ಅಂಗಡಿಯ 6 ಪರ್ಸೆಂಟ್ ಪೆರಾಕ್ಸೈಡ್ ನೀರನ್ನೇ ಗಾಜಿನ ಜಾಡಿಗೆ ಹಾಕಿ ಮುಳುಗಿಸಿಟ್ಟೆ. ನಿಧಾನ, ಆದರೆ ಎಲ್ಲಾ ಕಡೆ ಸಮ ಬಂತು. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಚರ್ಮ ಬೆಳ್ಳಗಾಗಿ ಉರಿಯುತ್ತದೆ.

ಈಗ ಯಾದಗಿರಿಯಿಂದ ಒಬ್ಬರು, ಬೀದರ್‌ನಿಂದ ಇಬ್ಬರು ಗೊಂಬೆ ಕಳಿಸಿದ್ದಾರೆ. ಅದರಲ್ಲಿ ಒಂದು ದೊಡ್ಡ ಊರಿನಲ್ಲಿ ಆಗಲ್ಲ ಅಂತ ವಾಪಸ್ ಬಂದದ್ದು, ಇಲ್ಲಿ ಒಂದು ಭಾನುವಾರದಲ್ಲಿ ಎದ್ದು ನಿಂತಿತು. ದುಡ್ಡು ತಗೊಳ್ಳಲ್ಲ, ಮುರಿದ ಇನ್ನೊಂದು ಗೊಂಬೆ ಇದ್ದರೆ ಕೊಡಿ ಅಂತೀನಿ. ಬಂಗಾರದ ಬಣ್ಣದ ಹೊಳಪು ಸುಳಿ ಇರುವ ಹಳೇ ಪ್ಲಾಸ್ಟಿಕ್ ಮಾತ್ರ ಕಳಿಸಬೇಡಿ. ಅದು ಒಳಗಿನಿಂದಲೇ ಸತ್ತಿರುತ್ತದೆ, ಪಿನ್ನಿಗೆ ಕೈ ಹಚ್ಚಿದರೆ ಬಿಸ್ಕತ್ತಿನ ಪುಡಿ.

ತುಕ್ಕಿನ ಮಾತು ಉಳಿಯಿತು. ಮಳೆಗಾಲ ಮುಗಿದ ಮೇಲೆ ಪಿನ್ ತೆಗೆದು ನೋಡಿದೆ, ತುದಿಯಲ್ಲಿ ಒಂದು ಕಂದು ಚುಕ್ಕೆ, ಅಷ್ಟೇ. ಹಾಕುವಾಗ ಸಿಲಿಕೋನ್ ಗ್ರೀಸ್ ಒಂದು ಸೂಜಿಮೊನೆಯಷ್ಟು ಸವರಿದ್ದೆ. ಹೊಲಿಗೆ ಮಿಷನ್ ಎಣ್ಣೆ ಬಿಡಬೇಡಿ, ಪಾರದರ್ಶಕ ಭಾಗಕ್ಕೆ ತಾಗಿದರೆ ಅಲ್ಲೊಂದು ಹೊಸ ಸೀಳು ಶುರುವಾಗುತ್ತದೆ. ಸದ್ಯಕ್ಕೆ ನನ್ನ ಮೇಜಿನ ಮೇಲೆ ಇರೋದು ಭುಜದ ಗುಂಡು ಕೀಲು ಸವೆದ ಒಂದು ಜೆಟ್ ರೋಬೋ. ಅದಕ್ಕೆ ಕಡ್ಡಿ ಉಪಯೋಗ ಇಲ್ಲ. ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು ಒಣಗಿಸಿ ನೋಡಿದೆ, ವಾರ ಹಿಡಿದು ಮತ್ತೆ ಜಾರುತ್ತಿದೆ. ನಿಮ್ಮಲ್ಲಿ ಯಾರಾದರೂ ಗುಂಡಿನ ಒಳಗೇ ತೂತು ಕೊರೆದು ಸ್ಕ್ರೂ ಹಾಕಿ ಹಿಗ್ಗಿಸಿ ನೋಡಿದ್ದರೆ ಎಷ್ಟು ದಪ್ಪದ ಸ್ಕ್ರೂ ಅಂತ ಹೇಳಿ.