ಹೂವಿಗೆ ಮುಂಚೆ ಕೀಳಬೇಕು: ಕಾಂಗ್ರೆಸ್ ಗಿಡದ ಜೊತೆ ನನ್ನ ನಾಲ್ಕು ವರ್ಷ

ಹಾಸನದ ದುದ್ದ ಹೋಬಳಿಯಲ್ಲಿ ನಮ್ಮದು ಎರಡೂವರೆ ಎಕರೆ ಹೊಲ. ಮುಂಗಾರಿಗೆ ಆಲೂಗಡ್ಡೆ, ಅದನ್ನು ಕಿತ್ತ ಮೇಲೆ ರಾಗಿ. ನಾಲ್ಕು ವರ್ಷದ ಹಿಂದೆ ಹೊರಗಿನಿಂದ ಮೂರು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಕೊಂಡು ತಂದೆ. ಗುಡ್ಡೆ ಸುರಿದ ಜಾಗದಲ್ಲೆಲ್ಲ ಆ ವರ್ಷ ಕಾಂಗ್ರೆಸ್ ಗಿಡ ಎದ್ದಿತು. ಪಾರ್ಥೇನಿಯಂ ಅಂತಾರಲ್ಲ, ಅದೇ. ಅಲ್ಲಿವರೆಗೆ ರಸ್ತೆ ಬದಿಯಲ್ಲಿ ಮಾತ್ರ ನೋಡಿದ್ದೆ.

ಮೊದಲ ವರ್ಷ ಎರಡು ತಪ್ಪು ಮಾಡಿದೆ. ಬಿಳಿ ಹೂ ಬಿಟ್ಟು ಸೊಂಟದೆತ್ತರ ಆದ ಮೇಲೆ ಕಳೆ ಮಷೀನಿನಲ್ಲಿ ಸವರಿಸಿದೆ. ಬುಡ ನೆಲದಲ್ಲೇ ಉಳಿಯಿತು. ಒಂದೇ ಕಾಂಡ ಇದ್ದಲ್ಲಿ ನಾಲ್ಕೈದು ಕವಲು ಒಡೆದವು. ಸವರಿದ್ದನ್ನು ತಿಪ್ಪೆಗೆ ಹಾಕಿದ್ದು ಎರಡನೇ ತಪ್ಪು. ಚೆನ್ನಾಗಿ ಬೆಳೆದ ಒಂದು ಗಿಡ 10,000ಕ್ಕೂ ಜಾಸ್ತಿ ಬೀಜ ಉದುರಿಸುತ್ತದೆ. ಮರುವರ್ಷ ಆ ತಿಪ್ಪೆ ಗೊಬ್ಬರದ ಜೊತೆ ನಾನೇ ಅದನ್ನು ಹೊಲಕ್ಕೆಲ್ಲ ಬಿತ್ತಿದ ಹಾಗಾಯಿತು.

ಆಗಲೇ ಅಮ್ಮ ಬರಿಗೈಯಲ್ಲಿ ಬದುವಿನ ಗಿಡ ಕೀಳುತ್ತಿದ್ದರು. ಕೆಲವು ದಿನಕ್ಕೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆ ಎಲ್ಲ ಕೆಂಪಗೆ ಊದಿಕೊಂಡವು. ‘ಕಣ್ಣು ಬಿಡೋಕೆ ಆಗ್ತಿಲ್ಲ ಕಣಪ್ಪ’ ಅಂದರು. ಡಾಕ್ಟರು ಮುಲಾಮು ಕೊಟ್ಟು, ಇನ್ನು ಆ ಗಿಡದ ಹತ್ತಿರ ಸುಳಿಯಬೇಡಿ ಅಂದರು. ಇವತ್ತಿಗೂ ಅಮ್ಮ ಆ ಬದುವಿನ ಕಡೆ ಬರುವುದಿಲ್ಲ. ಇದನ್ನು ಹೊಲದಿಂದ ಓಡಿಸಲೇಬೇಕು ಅಂತ ನನಗೆ ಹಟ ಬಂದಿದ್ದು ಅವತ್ತು.

ಗುರುತು ಹಿಡಿಯಬೇಕಾದದ್ದು ಹೂ ನೋಡಿ ಅಲ್ಲ, ಎಳೆಯದರಲ್ಲೇ. ಭರಣಿ ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಬಗ್ಗಿ ನೋಡಿ. ಎಲೆ ಸೇವಂತಿಗೆಯ ಹಾಗೆ ಸೀಳು ಸೀಳು. ಆದರೆ ಗಿಡ ನೆಟ್ಟಗೆ ನಿಲ್ಲದೆ ನೆಲಕ್ಕೆ ಅಂಟಿಕೊಂಡು, ಚಕ್ರದ ಹಾಗೆ ಸುತ್ತಲೂ ಹರಡಿರುತ್ತದೆ. ಚೆಂಡುಹೂವಿನ ಸಸಿ ಅಂದುಕೊಂಡು ಬಿಟ್ಟವರಿದ್ದಾರೆ. ಎಲೆ ಉಜ್ಜಿ ಮೂಸಿದರೆ ಸಾಕು, ಚೆಂಡುಹೂವಿನ ಘಮ ಇದಕ್ಕಿಲ್ಲ. ಮೊಳೆತ ಒಂದು, ಒಂದೂವರೆ ತಿಂಗಳಿಗೇ ಹೂ ಬರುತ್ತದೆ. ನಮಗೆ ಸಿಗುವ ಸಮಯ ಅಷ್ಟೇ.

ಮಳೆ ಬಂದ ಮಾರನೇ ದಿನ ಬೆಳಗ್ಗೆ ಹೋಗುತ್ತೇನೆ. ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್, ಮೂಗಿಗೆ ಟವೆಲ್. ಬುಡಕ್ಕೆ ಬೆರಳು ಹಾಕಿ ಎಳೆದರೆ ಹಸಿ ಮಣ್ಣಲ್ಲಿ ತಾಯಿಬೇರು ಪೂರ್ತಿ ಬರುತ್ತದೆ. ಒಣ ನೆಲದಲ್ಲಿ ಎಳೆದರೆ ತುಂಡಾಗುತ್ತದೆ, ಸುಮ್ನೆ ಕೆಲಸ ದಂಡ. ಹೂ ಇಲ್ಲದ ಗಿಡ ಗುಂಡಿಗೆ ಹಾಕಿ ಸಗಣಿ ನೀರು ಹೊಯ್ದರೆ ಒಳ್ಳೆಯ ಗೊಬ್ಬರ. ಹೂ ಬಂದದ್ದನ್ನು ಚೀಲಕ್ಕೆ ತುಂಬಿ, ಒಣಗಿಸಿ ಸುಡುತ್ತೇನೆ. ಹೀಗೆ ಕೀಳುವುದು ಮುಂಗಾರಿಗೆ ಮುಂಚೆ ಒಂದು ಸಲ, ರಾಗಿ ಬಿತ್ತುವ ಮುಂಚೆ ಒಂದು ಸಲ, ದಸರಾ ಹೊತ್ತಿಗೆ ಇನ್ನೊಂದು ಸಲ. ಮಣ್ಣಲ್ಲಿರುವ ಬೀಜ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ.

ಉಪ್ಪುನೀರಿನ ವಿಷಯ ತುಂಬಾ ಜನ ಕೇಳುತ್ತಾರೆ. ಲೀಟರ್ ನೀರಿಗೆ 150ರಿಂದ 200 ಗ್ರಾಂ ಉಪ್ಪು ಕರಗಿಸಿ ಹೊಡೆದರೆ ಗಿಡ ಒಣಗುವುದು ನಿಜ. ಆದರೆ ಮಣ್ಣೂ ಕೆಡುತ್ತದೆ. ರಸ್ತೆ ಬದಿಗೆ ಸರಿ, ಬೆಳೆ ಇಡುವ ಹೊಲಕ್ಕೆ ಬೇಡವೇ ಬೇಡ.

ಮಳೆಗಾಲದಲ್ಲಿ ಎಲೆ ತೂತು ತೂತಾಗಿದ್ದರೆ ಸ್ವಲ್ಪ ತಡೆದು ನೋಡಿ. ಹೆಸರುಕಾಳಿಗಿಂತ ಕೊಂಚ ದೊಡ್ಡ, ಕೆನೆಬಣ್ಣದ ಮೈಮೇಲೆ ಕಂದು ಗೆರೆಯ ಹುಳು ಕೂತಿರುತ್ತದೆ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ ಅದು. ಅದರ ಮರಿಯೂ ಇದೇ ಎಲೆ, ಮೊಗ್ಗು ತಿನ್ನುತ್ತದೆ. ಪಕ್ಕದ ಬೀಳಿನಲ್ಲಿ ಅದು ಕಂಡಾಗ ಹೊಲದವರಿಗೆ, ‘ಅಣ್ಣ, ಇಲ್ಲಿ ಔಷಧಿ ಹೊಡೀಬೇಡಿ, ಹುಳ ತಿಂತಾ ಇದೆ’ ಅಂದೆ. ಒಪ್ಪಿಕೊಂಡರು. ಬೇಸಿಗೆಯಲ್ಲಿ ಈ ಹುಳು ಮಣ್ಣು ಸೇರಿಬಿಡುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಕಿತ್ತ ಬದುವನ್ನು ಖಾಲಿ ಬಿಡಬಾರದು. ನಾನು ತಗಚೆ ಬೀಜ ಎರಚಿದೆ. ಅದು ಒತ್ತಾಗಿ ಎದ್ದ ಕಡೆ ಕಾಂಗ್ರೆಸ್ ಗಿಡ ಅಲ್ಲೊಂದು ಇಲ್ಲೊಂದು ಮಾತ್ರ.

ಈಗ ಗೊಬ್ಬರ ಕೊಳ್ಳುವ ಮುಂಚೆ ಗುಡ್ಡೆಯ ನಾಲ್ಕು ಕಡೆಯಿಂದ ಒಂದು ಬಾಂಡ್ಲಿಯಷ್ಟು ಕೇಳಿ ತರುತ್ತೇನೆ. ಮನೆ ಹಿತ್ತಲಲ್ಲಿ ಹರಡಿ, ದಿನಾ ನೀರು ಚಿಮುಕಿಸಿ ಹದಿನೈದು ದಿನ ಕಾಯುತ್ತೇನೆ. ಈ ಸಲ ಮೊದಲು ತಂದ ಬಾಂಡ್ಲಿಯಲ್ಲಿ ಹನ್ನೊಂದು ಸಸಿ ಎದ್ದವು. ಆ ಗೊಬ್ಬರ ಬೇಡ ಅಂದೆ.